ಕೇಳದೆ ಕೊಟ್ಟ ಊರು

ಯಾದಗಿರಿ ಸ್ಟೇಶನ್ನಿನಲ್ಲಿ ಇಳಿದು ಬಸ್ಸು ಹತ್ತಿದರೆ ಭೀಮೆ ದಾಟಿ ಶಹಾಪುರ, ಅಲ್ಲಿಂದ ಮುಂದೆ ಸುರಪುರ. ಗುಡ್ಡಗಳ ನಡುವೆ ಬಚ್ಚಿಟ್ಟ ಹಾಗೆ ಇರುವ ಊರು. ಹೊರಗಿನಿಂದ ಬಂದವರಿಗೆ ನಾವು ಮೂರು ಜಾಗ ತೋರಿಸುತ್ತೇವೆ: ಅರಮನೆ, ವೇಣುಗೋಪಾಲಸ್ವಾಮಿ ಗುಡಿ, ಗುಡ್ಡದ ಮೇಲಿನ ಟೇಲರ್ ಮಂಜಿಲ್. ಒಂದು ರಾಜನದು, ಒಂದು ದೇವರದು, ಒಂದು ಇಂಗ್ಲಿಷ್ ಸಾಹೇಬನದು. ಮಂದಿಯದು ಯಾವುದು ಅಂತ ಯಾರೂ ಕೇಳುವುದಿಲ್ಲ. ತೋರಿಸುವ ನಮಗೂ ಬಹಳ ದಿನ ಅದು ಹೊಳೆದಿರಲಿಲ್ಲ.

ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ಇತಿಹಾಸದ ಪುಸ್ತಕದಲ್ಲಿ ನಮ್ಮ ಊರು ಬಂದದ್ದು ಎರಡೇ ಸಲ. ಒಂದು, 1705ರ ಔರಂಗಜೇಬನ ಮುತ್ತಿಗೆ. ಇನ್ನೊಂದು, 1858ರ ಬಂಡಾಯ. ಉರು ಹೊಡೆದೆವು, ಬರೆದೆವು, ಪಾಸಾದೆವು. ಮನೆಗೆ ಬಂದು ಮುತ್ಯಾನ ಮುಂದೆ ಹೆಮ್ಮೆಯಿಂದ ಹೇಳಿದರೆ ಅವನು ಬೀಡಿ ಆರಿಸಿ ಒಂದೇ ಮಾತು ಕೇಳಿದ: "ಅದೆಲ್ಲಾ ಖರೇ ಇರಬೌದು ತಮ್ಮಾ. ಆವಾಗ ನಾವು ಎಲ್ಲಿದ್ವಿ?" ಈ ಬರಹ ಆ ಮಾತಿಗೆ ಉತ್ತರ ಹುಡುಕುವ ಪ್ರಯತ್ನ.

ಬುಡದಿಂದಲೇ ಶುರು ಮಾಡೋಣ. ಹುಣಸಗಿ ಸುತ್ತಿನ ಹಳ್ಳಗಳ ದಂಡೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಟ್ಟಲೆ ಅಲೆದು, ಅಗೆದು, ಹಳೆ ಶಿಲಾಯುಗದ ನೆಲೆಗಳನ್ನು ಸಾಲು ಸಾಲಾಗಿ ಗುರುತಿಸಿದರು. ಅವುಗಳಲ್ಲಿ ಇಸಾಂಪುರ ಒಂದು. ಆದಿ ಮಾನವರು ಸುಣ್ಣಗಲ್ಲಿನ ಹಾಸಿನಿಂದ ಕಲ್ಲೆಬ್ಬಿಸಿ, ಚೆಕ್ಕೆ ಹೊಡೆದು, ಕೈಗೊಡಲಿ ಮಾಡಿಕೊಂಡ ಜಾಗ ಅದು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷಿಸಿ ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಅಂದರೆ ನಮ್ಮ ಸೀಮೆಯ ಮೊಟ್ಟಮೊದಲ ದಾಖಲೆ ಕಲ್ಲು ಒಡೆಯುವ ಒಂದು ಜಾಗ. ಕಲ್ಲು ಒಡೆದು ಉಂಡವರ ಮಕ್ಕಳಾದ ನಮಗೆ ಇದಕ್ಕಿಂತ ದೊಡ್ಡ ವಂಶಾವಳಿ ಬೇಕಿಲ್ಲ.

ಅದೇ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬ ಇದೆ. ನಾಲ್ಕು ಸಾವಿರ ವರ್ಷದಷ್ಟು ಹಳೆಯದು; ಹಟ್ಟಿಯ ಸಗಣಿ ಸುಟ್ಟು ಸುಟ್ಟು ಬೆಳೆದ ದಿಬ್ಬ. ಅದರ ಹತ್ತಿರವೇ ದನ ಕೊಯ್ದು ಪಾಲು ಹಾಕುತ್ತಿದ್ದ ನೆಲ ಅಗೆತದಲ್ಲಿ ಸಿಕ್ಕಿದೆ, ಎಲುಬು, ಕಲ್ಲಿನ ಹತಾರಗಳ ಸಮೇತ. ತಿನ್ನುವ ತುತ್ತಿನ ನೆಪ ಹೇಳಿ ನಮ್ಮನ್ನು ಊರ ಹೊರಗೆ ಇಟ್ಟವರು ಒಮ್ಮೆ ಬೂದಿಹಾಳಕ್ಕೆ ಹೋಗಿ ಬರಬೇಕು. ರಾಜನಕೋಳೂರಿನಲ್ಲಿ ಬಂಡೆ ನಿಲ್ಲಿಸಿ ಮೇಲೆ ಬಂಡೆ ಮುಚ್ಚಿದ ಗೋರಿಗಳಿವೆ. ಮಂದಿ 'ಮೋರ್ಯರ ಮನೆ' ಅನ್ನುತ್ತಾರೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಸಾಲುಸಾಲಾಗಿ, ಚೌಕಾಕಾರಕ್ಕೆ ಹೂಡಿದ ಬಯಲಿದೆ. ಇವೆಲ್ಲ ನಮ್ಮ ಆಯಿ ಸೀರೆ ಒಣಗಲಿಕ್ಕೆ ಹಾಕುತ್ತಿದ್ದಂಥ ಕಲ್ಲುಗಳೇ. ಅವು ಚರಿತ್ರೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಮುಂದೆ ಬುದ್ಧನ ಕಾಲ. ಶಹಾಪುರದ ಗುಡ್ಡದ ಸಾಲು ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ ಅಂತ ಬಸ್ಸಿನಲ್ಲಿ ಕುಂತವರೆಲ್ಲ ಕಿಟಕಿಯಿಂದ ತೋರಿಸುತ್ತಾರೆ. ಗುಡ್ಡದ ಬುದ್ಧ ನಮ್ಮ ಕಣ್ಣಿನ ಕಲ್ಪನೆ. ಆದರೆ ಯಾದಗಿರಿಯ ಮಗ್ಗುಲಿಗೆ, ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕ ಬುದ್ಧ ಕಲ್ಪನೆಯಲ್ಲ. ಅಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲು ಹೊರಬಂತು. ನೋಡಿದರೆ ಅದು ಅಶೋಕನ ಶಾಸನ! ಎಲ್ಲ ಪಂಥದವರೂ ಒಬ್ಬರನ್ನೊಬ್ಬರು ಗೌರವಿಸಿರಿ ಅಂತ ಬರೆಸಿದ ಕಲ್ಲಿಗೆ ತೂತು ಕೊರೆದು, ಮೇಲೆ ಮೂರ್ತಿ ಕೂರಿಸಿದ್ದರು. ನಮ್ಮ ಚರಿತ್ರೆ ಎಲ್ಲಿ ಹೋಯಿತು ಅನ್ನುವವರಿಗೆ ಇದೊಂದೇ ಉತ್ತರ ಸಾಕು.

ಸನ್ನತಿಗೆ ಹತ್ತಿದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಸೋಕ' ಅಂತ ಹೆಸರು ಬರೆದ ಅಶೋಕನ ಚಿತ್ರವಿದೆ. ಪತ್ರಿಕೆಯವರೆಲ್ಲ ಅದನ್ನೇ ಬರೆದರು. ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಆ ಸ್ತೂಪದ ಚಪ್ಪಡಿಗಳ ಮೇಲೆ ಕಲ್ಲು ಕೊಡಿಸಿದವರ ಹೆಸರುಗಳಿವೆ: ಸಂಸಾರಸ್ಥರು, ವ್ಯಾಪಾರಿಗಳು, ಭಿಕ್ಷುಣಿಯರು. ರಾಜರಲ್ಲದವರ ಹೆಸರು ಎರಡು ಸಾವಿರ ವರ್ಷದ ಹಿಂದೆಯೇ ಕಲ್ಲಿನ ಮೇಲೆ ಬಂದಿತ್ತು. ಸುರಪುರದ ಕೋಟೆಗೋಡೆಯಲ್ಲಿ ಕಲ್ಲು ಹೊತ್ತವರ ಒಂದು ಹೆಸರನ್ನಾದರೂ ತೋರಿಸಿರಿ ನೋಡೋಣ.

ಶರಣರ ಕಾಲಕ್ಕೆ ಬಂದರೂ ಈ ಸೀಮೆ ಸುಮ್ಮನೆ ಕುಂತಿಲ್ಲ. ನೇಕಾರ ಜೇಡರ ದಾಸಿಮಯ್ಯ ಮುದನೂರಿನವನು. ಕೆಂಭಾವಿಯ ಭೋಗಯ್ಯನ ಕಥೆ ಹರಿಹರ ಕವಿಯ ರಗಳೆಯಲ್ಲಿ ಬರುತ್ತದೆ. ಹೊಲೆಯನ ವೇಷದಲ್ಲಿ ಬಂದ ಶಿವನನ್ನು ಭೋಗಯ್ಯ ಮನೆಯೊಳಗೆ ಕರೆದ. ಬ್ರಾಹ್ಮಣರು ರಾಜನಿಗೆ ದೂರು ಕೊಟ್ಟರು. ಭೋಗಯ್ಯ ಊರು ಬಿಟ್ಟು ಹೊರಟ. ಊರಿನ ಲಿಂಗಗಳೆಲ್ಲ ಅವನ ಬೆನ್ನು ಹತ್ತಿ ಹೊರಟವು. ಒಳ್ಳೆಯ ಕಥೆ. ಆದರೆ ಒಂದು ಮಾತು ಗಮನಿಸಿರಿ. ಕಥೆಯಲ್ಲೂ ಹೊಲೆಯ ಬರೀ ಹೊಲೆಯನಾಗಿ ಆ ಮನೆಯೊಳಗೆ ಬರಲಿಲ್ಲ, ಅವನೊಳಗೆ ಶಿವ ಇರಬೇಕಾಯಿತು. ಮುಂದೆ ಕೊಡೇಕಲ್ಲಿನ ಬಸವಣ್ಣ, ತಿಂಥಣಿಯ ಮೌನೇಶ್ವರ ಬಂದು ಹಿಂದೂ ಮುಸಲ್ಮಾನರಿಬ್ಬರೂ ತಲೆಬಾಗುವ ಗದ್ದುಗೆಗಳಾದವು. ದೇವರ ಜಾತಿ ಕರಗಿತು. ಮನುಷ್ಯರ ಕೇರಿ ಮಾತ್ರ ಇದ್ದಲ್ಲೇ ಇತ್ತು.

ಈಗ ರಾಜರ ಕಥೆ. ಈ ಸೀಮೆಗೆ ಸಗರನಾಡು ಅನ್ನುತ್ತಾರೆ, ಶಹಾಪುರದ ಹತ್ತಿರದ ಸಗರ ಊರಿನಿಂದ. ಅಲ್ಲಿ ಬೇಡ ನಾಯಕರು ಆಳುತ್ತಿದ್ದರು. ಬೇಟೆ ಆಡುವವರು, ಗುರಿ ತಪ್ಪದ ಬಂದೂಕಿನವರು. ಮೊಗಲರ ಕಡೆಯವರು ಇವರ ಕಾಲಾಳುಗಳಿಗೆ 'ಕಾಲಾ ಪ್ಯಾದೆ' ಅನ್ನುತ್ತಿದ್ದರು. ಬಿಜಾಪುರ 1686ರಲ್ಲಿ, ಗೋಲಕೊಂಡ 1687ರಲ್ಲಿ ಬಿದ್ದ ಮೇಲೆ ಸಗರಕ್ಕೂ ಮೊಗಲರ ದಂಡು ಬಂತು. ಪಾಮನಾಯಕ ಶರಣಾದ. ಅವನ ನಂತರದ ಪಿಡ್ಡನಾಯಕ ಮಣಿಯಲಿಲ್ಲ. ಸುರಪುರದ ಪಕ್ಕದ ವಾಗಣಗೇರಿಯಲ್ಲಿ ಕೋಟೆ ಬಲಪಡಿಸಿಕೊಂಡ. ದಿಲ್ಲಿಯ ಬಾದಶಹನಿಗೆ ಈ 'ಕೀಳುಜಾತಿಯ ಕಳ್ಳ' ಕಣ್ಣಿಗೆ ಬಿದ್ದ ಕಸವಾದ.

1705ರ ಫೆಬ್ರವರಿಯಲ್ಲಿ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ಬಂದ. ಅವನಿಗೆ ಆಗ 86 ವರ್ಷ. ಅವನು ಖುದ್ದು ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಬೇಡರ ಸಹಾಯಕ್ಕೆ ಮರಾಠರು ಬಂದರು. ಹೋರಾಟ ಏಪ್ರಿಲ್ ಕೊನೆಯ ತನಕ ನಡೆಯಿತು. ಕೊನೆಗೆ ಬೇಡರು ರಾತ್ರೋರಾತ್ರಿ ಕೋಟೆ ಖಾಲಿ ಮಾಡಿ ಹೋದರು; ಮೊಗಲರಿಗೆ ಸಿಕ್ಕದ್ದು ಬರಿದಾದ ಕೋಟೆ. ಬಾದಶಹ ಅದಕ್ಕೆ ರಹಮಾನ್ ಬಕ್ಷ್ ಅಂತ ಹೊಸ ಹೆಸರಿಟ್ಟ. ಅಲ್ಲಿಂದ ಕೃಷ್ಣೆಯ ಕಡೆ ದೇವಾಪುರಕ್ಕೆ ಹೋಗಿ ತಿಂಗಳುಗಟ್ಟಲೆ ಕಾಯಿಲೆ ಬಿದ್ದ. 1707ರಲ್ಲಿ ಅಹಮದನಗರದಲ್ಲಿ ಸತ್ತ.

ಇಷ್ಟು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು ಇನ್ನೊಂದಿದೆ. ಜದುನಾಥ ಸರ್ಕಾರರು ಈ ಮುತ್ತಿಗೆಯನ್ನು ಬರೆಯುವಾಗ ಕೋಟೆಯ ಕೆಳಗಿನ ಬಯಲಿನ ಎರಡು ವಸ್ತಿಗಳ ಹೆಸರು ಹೇಳುತ್ತಾರೆ. ಒಂದು ತಳವಾರಗೇರಿ: ಮಣ್ಣಿನ ಗೋಡೆ, ಸಂತೆ, ದವಸ ಎಲ್ಲ ಇದ್ದ ಪೇಟೆ. ಅದರ ಮಗ್ಗುಲಿಗೆ ಧೇಡಪುರ. ಸಾಮಾನ್ಯ ಬೇಡರೂ, ಆ ಕಡೆಯ ಹೊಲ ಗೇಯುವ ಇತರ ಬಡವರೂ ಇದ್ದ ಗುಡಿಸಲುಗಳು. ಹೆಸರು ಓದಿದ ಕೂಡಲೇ ಗೊತ್ತಾಗುತ್ತದೆ ಅದು ಯಾರ ಕೇರಿ ಅಂತ. ಮುತ್ಯಾ, ನಾವು ಅಲ್ಲಿದ್ವಿ! ಕೋಟೆಯ ಒಳಗಲ್ಲ, ಕೆಳಗೆ. ಗೋಡೆ ಇಲ್ಲದ ಕಡೆ. ತೋಪು ಬಂದಾಗ ಮೊದಲು ಉರಿಯುವುದು ಹುಲ್ಲಿನ ಗುಡಿಸಲು. ನಾಯಕನ ಜಾತಿಯವನೇ ಆದ ಬಡ ಬೇಡ ಅಲ್ಲಿದ್ದ, ನಾವೂ ಅಲ್ಲಿದ್ದೆವು. ಇವತ್ತು ಬೇಡರ ಹುಡುಗರೂ ನಮ್ಮ ಹುಡುಗರೂ ಜಯಂತಿಯ ಮೆರವಣಿಗೆ ಯಾವ ಓಣಿಯಲ್ಲಿ ಹೋಗಬೇಕು ಅಂತ ಜಗಳ ತೆಗೆಯುವಾಗ ಧೇಡಪುರವನ್ನು ಒಮ್ಮೆ ನೆನೆಯಬೇಕು.

ವಾಗಣಗೇರಿ ಬಿದ್ದ ಮೇಲೆ ನಾಯಕರ ರಾಜಧಾನಿ ಸುರಪುರವಾಯಿತು. ಗುಡ್ಡದ ಮೇಲೆ ಅಗಸಿ, ಅರಮನೆ, ಗುಡಿ ಎದ್ದವು. ಚಿನ್ನದ ರೇಖಿನ ಸುರಪುರ ಶೈಲಿಯ ಚಿತ್ರಗಳು ಇಲ್ಲೇ ಹುಟ್ಟಿದವು. ಇದರಲ್ಲಿ ನಮ್ಮ ಪಾಲೆಷ್ಟು? ರಾಜನ ಕುದುರೆಯ ಜೀನು, ಬಾರು, ದಂಡಿನವರ ಕೆರವು, ಬಾವಿಯಿಂದ ನೀರೆತ್ತುವ ತೊಗಲ ಚೀಲ, ದಂಡು ಹೊರಡುವಾಗ ಬಡಿಯುವ ಹಲಗಿ. ಇವು ಯಾರ ಕೈಯಿಂದ ಬರುತ್ತಿದ್ದವು ಅಂತ ಈ ದೇಶದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೋನಾಳದ ದೊಡ್ಡ ಕೆರೆಗೆ ಕಟ್ಟಿಸಿದ ರಾಜನ ಹೆಸರಿದೆ, ಆಮೇಲೆ ದೊಡ್ಡದು ಮಾಡಿಸಿದ ಸಾಹೇಬನ ಹೆಸರಿದೆ. ಬುಟ್ಟಿ ಹೊತ್ತವರ ಹೆಸರಿಲ್ಲ.

ಆ ಸಾಹೇಬ ಫಿಲಿಪ್ ಮೆಡೋಸ್ ಟೇಲರ್. ನಿಜಾಮನ ದಂಡಿನ ಕ್ಯಾಪ್ಟನ್. ಪಟ್ಟಕ್ಕೆ ಬರುವಾಗ ನಿಜಾಮನಿಗೆ ಕೊಡಬೇಕಾದ ನಜರಾಣ, ಸಾವುಕಾರರ ಸಾಲ, ಮನೆಜಗಳ ಇವುಗಳಲ್ಲಿ ಸಿಕ್ಕಿಬಿದ್ದ ಸಂಸ್ಥಾನವನ್ನು ನೋಡಿಕೊಳ್ಳಲಿಕ್ಕೆ ಅವನು 1841ರಲ್ಲಿ ಬಂದ. 1842ರಲ್ಲಿ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ, ತಾಯಿ ಈಶ್ವರಮ್ಮ. 1853ರವರೆಗೆ ಊರು ಟೇಲರನ ಕೈಯಲ್ಲಿತ್ತು. ಟೇಲರ್ ಕೆಟ್ಟ ಮನುಷ್ಯ ಅಂತ ನಾವು ಹೇಳುವುದಿಲ್ಲ. ಹುಡುಗನನ್ನು ಓದಿಸಿದ, ನಮ್ಮ ಮೋರ್ಯರ ಮನೆಗಳನ್ನು ಅಳೆದು ಬರೆದ. ವೆಂಕಟಪ್ಪ ಅವನಿಗೆ 'ಅಪ್ಪಾ' ಅನ್ನುತ್ತಿದ್ದ. ಆದರೆ ಒಳ್ಳೆಯ ಸಾಹೇಬನ ರಾಜ್ಯವೂ ಸಾಹೇಬನ ರಾಜ್ಯವೇ. ಅಪ್ಪಾ ಅನಿಸಿಕೊಂಡವನ ಸರ್ಕಾರವೇ ಐದು ವರ್ಷದಲ್ಲಿ ಆ ಹುಡುಗನನ್ನು ಮುಗಿಸಿತು.

1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ಎದ್ದರು. ಇತ್ತ ಹಲಗಲಿಯ ಬೇಡರು ಹತಾರ ಒಪ್ಪಿಸುವುದಿಲ್ಲ ಅಂತ ಎದ್ದರು. 1858ರ ಫೆಬ್ರವರಿಯಲ್ಲಿ ಸುರಪುರದ ಗುಡ್ಡಗಳಲ್ಲಿ ಗುಂಡು ಹಾರಿತು. ಇಂಗ್ಲಿಷರ ಕ್ಯಾಪ್ಟನ್ ನ್ಯೂಬೆರಿ ಸತ್ತ. ವೆಂಕಟಪ್ಪ ಸಹಾಯ ಹುಡುಕಿ ಹೈದರಾಬಾದಿಗೆ ಹೋದ. ಅಲ್ಲಿ ನಿಜಾಮನ ದಿವಾನ ಸಾಲಾರಜಂಗನ ಕಡೆಯವರು ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದರು. ನಿನ್ನ ಹಿಂದೆ ಯಾರಿದ್ದರು ಹೇಳು ಅಂತ ಟೇಲರನೇ ಜೇಲಿಗೆ ಹೋಗಿ ಕೇಳಿದ. ಇಪ್ಪತ್ತನಾಲ್ಕರೊಳಗಿನ ಹುಡುಗ ಒಬ್ಬರ ಹೆಸರನ್ನೂ ಹೇಳಲಿಲ್ಲ. ಇದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಮದರಾಸಿನ ಕಡೆ ಒಯ್ಯುವಾಗ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಅಂತ ಸರ್ಕಾರಿ ಬರಹ. ನಮ್ಮ ಊರಲ್ಲಿ ಇದನ್ನು ನಂಬದವರೇ ಬಹಳ.

ಈಗ ಈ ಬರಹದ ಮುಖ್ಯ ಮಾತಿಗೆ ಬಂದೆವು. 1860ರಲ್ಲಿ ಇಂಗ್ಲಿಷ್ ಸರ್ಕಾರ ನಿಜಾಮ ಅಫ್ಜಲ್ ಉದ್ದೌಲನಿಗೆ ಇನಾಮು ಕೊಟ್ಟಿತು. ಯಾಕಂದರೆ ಬಂಡಾಯದಲ್ಲಿ ಅವನು ಅವರ ಪಕ್ಷ ನಿಂತಿದ್ದ. 50 ಲಕ್ಷ ರೂಪಾಯಿ ಸಾಲ ಮಾಫು. ಒತ್ತೆ ಹಿಡಿದಿದ್ದ ರಾಯಚೂರು, ಧಾರಾಶಿವ ವಾಪಸು. ಅದರ ಮೇಲೆ ಸುರಪುರ. ಅಂಗಡಿಯವನು ತೂಕದ ಮೇಲೆ ಹಿಡಿ ಕಾಳು ಕೊಸರು ಹಾಕುತ್ತಾನಲ್ಲ, ಹಾಗೆ. ಒಂದು ಊರು, ಅದರ ಸುತ್ತಲಿನ ಹಳ್ಳಿಗಳು, ಹೊಲ, ಕೆರೆ, ಗುಡ್ಡ, ಮಂದಿ, ಮಂದಿಯ ಮಕ್ಕಳು, ಎಲ್ಲ ಒಂದು ಕಾಗದದ ಮೇಲೆ ಕೈ ಬದಲಾಯಿತು. ಬೇಡರನ್ನು ಕೇಳಲಿಲ್ಲ. ಕುರುಬರನ್ನು ಕೇಳಲಿಲ್ಲ. ಹೊಲೆಯ ಮಾದಿಗರನ್ನು ಕೇಳುವ ಮಾತೇ ಇಲ್ಲ.

ದೂರದ ಒಂದು ಊರಿನ ನೆನಪು ಇಲ್ಲಿ ಬರುತ್ತದೆ. ಫ್ರಾನ್ಸಿನ ದಕ್ಷಿಣ ದಂಡೆಯಲ್ಲಿ ಮಾರ್ಸೆಲ್ ಅನ್ನುವ ಬಂದರು ಇದೆ. ಗ್ರೀಕ್ ನಾವಿಕರು ಕಟ್ಟಿದ್ದು, ಎರಡೂವರೆ ಸಾವಿರ ವರ್ಷಕ್ಕೂ ಹಳೆಯದು. ಎಷ್ಟೋ ಅರಸರ ಕೈ ದಾಟಿದ ಊರು ಅದು. 1792ರಲ್ಲಿ ಅಲ್ಲಿಯ ಸಾಮಾನ್ಯ ಮಂದಿ ಕ್ರಾಂತಿಗೆ ಹೆಸರು ಕೊಟ್ಟು ಪ್ಯಾರಿಸಿನ ತನಕ ನಡೆದು ಹೋದರು. ದಾರಿಯುದ್ದಕ್ಕೂ ಹಾಡಿದ ಹಾಡಿಗೆ ಅವರ ಊರಿನ ಹೆಸರೇ ಬಿತ್ತು. ಇವತ್ತು ಅದು ಆ ದೇಶದ ರಾಷ್ಟ್ರಗೀತೆ. ಹಲಗಲಿಯ ಬೇಡರ ಲಾವಣಿಯೂ ಹಾಗೆಯೇ ಬಾಯಿಂದ ಬಾಯಿಗೆ ಉಳಿಯಿತು; ಫ್ಲೀಟ್ ಸಾಹೇಬ ಅದನ್ನು ಬರೆದುಕೊಂಡ. ಊರು ಅರಸನ ಆಸ್ತಿಯಾಗಿದ್ದಾಗ ಅದನ್ನು ಕೊಡಬಹುದು, ಕೊಳ್ಳಬಹುದು. ಮಂದಿಯ ಬಾಯಿಗೆ ಬಂದ ಊರನ್ನು ಕೊಡಲಿಕ್ಕೆ ಬರುವುದಿಲ್ಲ.

ನಿಜಾಮನ ಕಾಲ ನಮ್ಮ ಮುತ್ಯಾಗಳ ಕಾಲ. ಮುಂಬಯಿ ಮದರಾಸು ರೈಲು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು, ಯಾದಗಿರಿಗೆ ಸ್ಟೇಶನ್ನು ಬಂತು. ಸುರಪುರಕ್ಕೆ ಇವತ್ತಿಗೂ ರೈಲಿಲ್ಲ. ಕಚೇರಿಯ ಮಾತು ಉರ್ದು, ಮನೆಯ ಮಾತು ಕನ್ನಡ, ಕೇರಿಯ ಮಾತು ಯಾರಿಗೂ ಬೇಡ. ಬಿಟ್ಟಿ ಚಾಕರಿ ಅಂದರೆ ಏನು ಅಂತ ನಮ್ಮ ಆಯಿ ಹೇಳುತ್ತಿದ್ದಳು: "ಸಾಹೇಬ್ರು ಬಂದ್ರ ಹೊರಿ ಹೊರಬೇಕು, ಗೌಡ್ರ ಮನ್ಯಾಗ ಸತ್ರ ಸುದ್ದಿ ಒಯ್ಯಬೇಕು. ಕೂಲಿ ಕೇಳಿದ್ರ ಬಾರುಕೋಲು." 1948ರಲ್ಲಿ ರಜಾಕಾರರ ಹಾವಳಿಯಲ್ಲಿ ನರಳಿದವರೂ ಬಡವರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಗುಲಬರ್ಗಾ, ಬೀದರ ಸೀಮೆಯಲ್ಲಿ ಕೊಲೆಯಾದ ಮುಸಲ್ಮಾನರೂ ಬಹುಮಟ್ಟಿಗೆ ಬಡವರು. ಸುಂದರಲಾಲ್ ಸಮಿತಿ ಅದನ್ನು ಬರೆದುಕೊಟ್ಟಿತು. ಆ ವರದಿ 2013ರ ತನಕ ಮುಚ್ಚಿದ ಕಡತದಲ್ಲಿತ್ತು. ವಿಮೋಚನೆಯ ಭಾಷಣ ಮಾಡುವವರು ಎರಡನ್ನೂ ಹೇಳಬೇಕು. ಒಂದನ್ನೇ ಹೇಳಿದರೆ ಅದು ಚರಿತ್ರೆಯಲ್ಲ, ಕಿಡಿ ಹಚ್ಚುವ ಕೆಲಸ.

ಆಮೇಲೆ 1952. ಮೊದಲ ಚುನಾವಣೆ. ಬಾಬಾಸಾಹೇಬರು ಬರೆದ ಸಂವಿಧಾನದ ಬಲದಿಂದ ಅರಮನೆಯವರಿಗೂ ಒಂದು ಓಟು, ಕೇರಿಯವರಿಗೂ ಒಂದು ಓಟು. ಇಸಾಂಪುರದ ಕಲ್ಲಿನಿಂದ ಲೆಕ್ಕ ಹಾಕಿದರೆ 12 ಲಕ್ಷ ವರ್ಷ ಆದ ಮೇಲೆ ಈ ನೆಲದ ಮಂದಿಯನ್ನು ಮೊದಲ ಸಲ 'ನೀವೇನಂತೀರಿ' ಅಂತ ಕೇಳಿದ ದಿನ ಅದು. ನಮ್ಮ ಊರಿನ ಚರಿತ್ರೆಯಲ್ಲಿ 1705, 1858ಕ್ಕಿಂತ ದೊಡ್ಡ ಇಸವಿ 1952 ಅಂತ ನಾವು ಹೇಳುತ್ತೇವೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕು ಸಿಗಲಿಕ್ಕಿಲ್ಲ.

ಕೇಳಿದ್ದು ಖರೇ. ಕೊಟ್ಟದ್ದೆಷ್ಟು? 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದೆವು. 1968ರಲ್ಲಿ ಬಿ. ಶ್ಯಾಮಸುಂದರ್ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿ ಕೇರಿಗಳಿಗೆ ಎದೆ ಎತ್ತಿ ನಿಲ್ಲುವುದನ್ನು ಕಲಿಸಿದರು. 1976ರಲ್ಲಿ ಜೀತ ನಿಷೇಧದ ಕಾಯ್ದೆ, 1978ರಲ್ಲಿ ನಮಗೆ ಮಂಜೂರಾದ ಭೂಮಿಯನ್ನು ಪರರು ಹೊಡೆದುಕೊಳ್ಳಬಾರದು ಅನ್ನುವ ಕಾಯ್ದೆ ಬಂದವು. ಕೃಷ್ಣೆಗೆ ಅಡ್ಡ ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿದರು, 1982ಕ್ಕೆ ಮುಗಿಯಿತು. ಭೀಮರಾಯನಗುಡಿಯಲ್ಲಿ ಕಾಲುವೆಯವರ ಕಾಲೊನಿ ಎದ್ದಿತು. ನೀರು ಬಂತು. ನೀರು ಯಾರ ಹೊಲಕ್ಕೆ ಬಂತು? ಹೊಲ ಇದ್ದವರ ಹೊಲಕ್ಕೆ. ಹೊಲ ಇಲ್ಲದವನು ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿಯಾದ. ಕೂಲಿ ತಪ್ಪಿದ ದಿನ ಗಂಟುಮೂಟಿ ಕಟ್ಟಿ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಗುಳೆ ಹೊರಟ. ಯಾದಗಿರಿ ಸ್ಟೇಶನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ ರಾತ್ರಿ ಹೊತ್ತು ಹೋಗಿ ನಿಲ್ಲಿರಿ. ರೊಟ್ಟಿ ಗಂಟು, ಕಂಕುಳದ ಕೂಸು, ತಲೆಯ ಮೇಲೆ ಬುಟ್ಟಿ. ನಗರ ಕಟ್ಟುವವರು ಈಗಲೂ ಅವರೇ.

2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಸಾಕ್ಷರತೆ ನೂರಕ್ಕೆ 75.36, ನಮ್ಮ ಜಿಲ್ಲೆಯದು 51.83. ಎಲ್ಲ ಜಿಲ್ಲೆಗಳಿಗಿಂತ ಕೆಳಗೆ. ಹೆಣ್ಣುಮಕ್ಕಳದು 41ರ ಹತ್ತಿರ. 2013ರಿಂದ 371(ಜೆ) ಜಾರಿಯಾಗಿ ನೌಕರಿ, ಕಾಲೇಜು ಸೀಟಿನಲ್ಲಿ ಪಾಲು ಸಿಕ್ಕಿತು. ಅದರಿಂದ ಓದಿದ ಮೊದಲ ಸಾಲಿನವರು ನಾವು. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಿಸುವುದು ಈ ನೆಲಕ್ಕೆ ಹೊಸದಲ್ಲ. ವಾಗಣಗೇರಿಗೆ ಔರಂಗಜೇಬನೂ ಹೊಸ ಹೆಸರಿಟ್ಟಿದ್ದ. ಓದಲಿಕ್ಕೆ ಬಾರದ ಅವ್ವನಿಗೆ ಬೋರ್ಡಿನ ಮೇಲೆ ಯಾವ ಹೆಸರಿದ್ದರೇನು?

ಇದನ್ನು ಓದುವ ಹಳ್ಳಿಯ ಮಾಸ್ತರರಿಗೆ, ಸಂಘಟನೆಯ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ನಮ್ಮದೊಂದು ವಿನಂತಿ. ಮುಂದಿನ ಸಲ ಮಕ್ಕಳನ್ನು ಅರಮನೆ ತೋರಿಸಲಿಕ್ಕೆ ಕರೆದೊಯ್ಯುವಾಗ ಬರುವ ದಾರಿಯಲ್ಲಿ ಕೇರಿಗೂ ಕರೆತನ್ನಿರಿ. ಎಂಬತ್ತು ದಾಟಿದ ಮುದುಕರು ಇನ್ನೂ ಇದ್ದಾರೆ. ಬಿಟ್ಟಿ ಮಾಡಿದವರು, ಬಸವಸಾಗರಕ್ಕೆ ಮಣ್ಣು ಹೊತ್ತವರು, ಅಪ್ಪನ ಕೈ ಹಿಡಿದು ಮೊದಲ ಓಟಿನ ಸಾಲು ನೋಡಿದವರು. ಕೇಳಿರಿ, ಹೆಸರು ಸಮೇತ ಬರೆದುಕೊಳ್ಳಿರಿ. ಕನಗನಹಳ್ಳಿಯಲ್ಲಿ ಆ ಕಾಲದವರು ಹೆಸರು ಕೆತ್ತಿದರು, ನಮಗೆ ನೋಟುಬುಕ್ಕಾದರೂ ಸಾಕು.

ನಾವು ಶುರು ಮಾಡಿದ್ದೇವೆ. ಮೊದಲ ಹಾಳೆಯ ಮೇಲೆ ಮುತ್ಯಾನ ಹೆಸರು ಬರೆದು ಅವನಿಗೆ ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನೆ ಕುಂತ. ಆಮೇಲೆ ಅಂದ: "ನಮ್ಮಪ್ಪಂದೂ ಬರಿ ತಮ್ಮಾ. ಬೋನಾಳ ಕೆರಿ ಏರಿ ಮ್ಯಾಲ ಕಲ್ಲು ಹೊತ್ತಾನ ಅಂವ." ಎರಡನೆಯ ಹೆಸರು ಬರೆದೆವು.